ಹಸ್ತ ಮಳೆಯಲ್ಲಿ ಕಯಾಕುಗಳ ಬೆನ್ನುಹತ್ತಿ: ಮಾರ್ಕೋನಹಳ್ಳಿಯಿಂದ ತೀತಾದವರೆಗೆ

ತುಮಕೂರು ಜಿಲ್ಲೆಯಲ್ಲಿ ಜಲಕ್ರೀಡೆಯ ಚಿತ್ರ ತೆಗೆಯಲು ಹೊರಟಿದ್ದೇನೆ ಎಂದರೆ ಯಾರೂ ಒಂದೇ ಮಾತಿಗೆ ನಂಬುವುದಿಲ್ಲ. ಇಲ್ಲಿ ಕಡಲಿಲ್ಲ, ದಾಂಡೇಲಿಯ ಕಾಳಿಯಂಥ ನದಿಯೂ ಇಲ್ಲ. ಇರುವುದು ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟಿ ಒಂದಕ್ಕೊಂದು ಬೆನ್ನು ತಿರುಗಿಸಿ ಹೋಗುವ ಎರಡು ಹೊಳೆಗಳು: ಶಿಂಷಾ ದಕ್ಷಿಣಕ್ಕಿಳಿದು ಕಾವೇರಿಯನ್ನು ಸೇರಿದರೆ, ಜಯಮಂಗಲಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಕೂಡಿಕೊಳ್ಳುತ್ತದೆ. ಇಂಥ ಹೊಳೆಗಳಿಗೆ ಅಡ್ಡಲಾಗಿ ಕಟ್ಟಿದ ಜಲಾಶಯಗಳು ಹಿಂಗಾರು ಕೈಹಿಡಿದ ವರ್ಷಗಳಲ್ಲಿ ಮಾತ್ರ ಅಂಚಿನವರೆಗೆ ತುಂಬುತ್ತವೆ. ಹಾಗೆ ತುಂಬಿದ ಒಂದು ವರ್ಷ, ಅಕ್ಟೋಬರಿನ ಮೊದಲ ವಾರದಲ್ಲಿ, ತುಮಕೂರಿನ ಕೆಲವು ಹುಡುಗರು ಜೀಪಿನ ಮೇಲೆ ಕಯಾಕು ಎಂಬ ಕಿರಿದಾದ ಉದ್ದ ದೋಣಿಗಳನ್ನು ಕಟ್ಟಿಕೊಂಡು ಅಭ್ಯಾಸಕ್ಕೆ ಹೊರಟಿದ್ದರು. ತಮ್ಮ ಪೋಸ್ಟರಿಗೆ ಒಂದು ಒಳ್ಳೆಯ ಚಿತ್ರ ಬೇಕೆಂಬುದು ಅವರ ಆಸೆ. ಗಾಳಿ ಮಳೆಯಲ್ಲಿ ನೀರಿನ ಆಟವನ್ನು ಹಿಡಿಯಬೇಕೆಂಬುದು ನನ್ನದು. ಕಾರು ಓಡಿಸಲು ಒಬ್ಬ ಗೆಳೆಯ ಜೊತೆಗಿದ್ದ. ನೀರಾವರಿ ಕಚೇರಿಯ ಅನುಮತಿ, ಲಾಡ್ಜುಗಳ ಏರ್ಪಾಡು ಎಲ್ಲವನ್ನೂ ಹುಡುಗರೇ ಮುಗಿಸಿದ್ದರಿಂದ ಅದರ ಕಥೆ ಇಲ್ಲಿ ಬೇಡ.

ಶುಕ್ರವಾರ, ಮಾರ್ಕೋನಹಳ್ಳಿ

ಕುಣಿಗಲ್ ರಸ್ತೆಗೆ ಹೋಗುವವರಿಗೆ ಕ್ಯಾತ್ಸಂದ್ರ ದಾರಿಯಲ್ಲ. ಆದರೂ ತುಮಕೂರಿನಿಂದ ಬೆಳಿಗ್ಗೆ ಹೊರಡುವವರು ಕ್ಯಾತ್ಸಂದ್ರದ ತಟ್ಟೆ ಇಡ್ಲಿಯನ್ನು ಬಿಟ್ಟು ಹೋಗುವುದು ನಮ್ಮ ಕಡೆ ಅಷ್ಟು ಒಳ್ಳೆಯ ನಡತೆ ಎನಿಸಿಕೊಳ್ಳುವುದಿಲ್ಲ. ಬೆಣ್ಣೆ ಕರಗುತ್ತಿದ್ದ ಇಡ್ಲಿಯನ್ನು ಕೆಂಪು ಚಟ್ನಿಯಲ್ಲಿ ಅದ್ದಿ ತಿನ್ನುವ ಹೊತ್ತಿಗೆ ದಕ್ಷಿಣದ ಆಕಾಶ ಕಪ್ಪಾಗತೊಡಗಿತ್ತು. ಕುಣಿಗಲ್ ದಾಟಿ, ಯಡಿಯೂರಿನಲ್ಲಿ ಸಿದ್ಧಲಿಂಗೇಶ್ವರನ ಗೋಪುರಕ್ಕೆ ಕಾರಿನಿಂದಲೇ ಕೈಮುಗಿದು, ಹೆದ್ದಾರಿ ಬಿಟ್ಟು ಒಳಗೆ ಹೊರಳಿದಾಗ ಸೋನೆ ಹಿಡಿದುಕೊಂಡಿತು. ಎರಡೂ ಬದಿಗೆ ತೆಂಗು, ನಡುನಡುವೆ ತೆನೆ ಬಿಡುತ್ತಿದ್ದ ರಾಗಿ ಹೊಲ, ಗುಂಡಿಗಳಲ್ಲಿ ಕೆಂಪು ನೀರು.

ಮಾರ್ಕೋನಹಳ್ಳಿ ಜಲಾಶಯ ಶಿಂಷಾ ಹೊಳೆಗೆ ಕಟ್ಟಿದ್ದು, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ್ದು. ಇದರ ವಿಶೇಷವೆಂದರೆ ತಾನೇ ತಾನಾಗಿ ಕೆಲಸ ಮಾಡುವ ಸೈಫನ್, ಎಂದರೆ ಹೆಚ್ಚಾದ ನೀರನ್ನು ಹೊರಬಿಡುವ ಬಾಗಿದ ಕೊಳವೆ. ನೀರು ಒಂದು ಮಟ್ಟವನ್ನು ಮೀರಿ ಏರಿದೊಡನೆ ಸೈಫನ್ನಿನೊಳಗಿನ ಗಾಳಿ ಹೊರದಬ್ಬಿಸಿಕೊಂಡು, ಯಾರೂ ಗೇಟು ಎತ್ತದೆಯೇ ಕೊಳವೆಯ ಬಾಯಿ ತುಂಬ ನೀರು ಭೋರ್ಗರೆದು ಬೀಳುತ್ತದೆ. ಮಟ್ಟ ಇಳಿದು ಗಾಳಿ ಮತ್ತೆ ಒಳಹೊಕ್ಕೊಡನೆ ನಿಲ್ಲುತ್ತದೆ. ಯಾವ ಗಳಿಗೆಯಲ್ಲಿ ಶುರುವಾಗುತ್ತದೆಂದು ನಿಂತು ಕಾಯುವವನಿಗೆ ತಿಳಿಯುವಂತಿಲ್ಲ. ಆದ್ದರಿಂದಲೇ ಕೆಳಗಿನ ಬಂಡೆಗಳ ಮೇಲೆ ಇಳಿದು ನಿಲ್ಲುವುದು ಜೀವದೊಡನೆ ಆಡುವ ಆಟ, ಚಿತ್ರ ಎಷ್ಟೇ ಚೆನ್ನಾಗಿ ಬರುವಂತಿದ್ದರೂ. ಹುಡುಗರು ಸೈಫನ್ನಿನ ಸೆಳೆತ ಮುಟ್ಟದಷ್ಟು ದೂರದಲ್ಲಿ, ಹಿನ್ನೀರಿನ ಒಂದು ಕೊರಕಲಿನಲ್ಲಿ ಕಯಾಕುಗಳನ್ನು ಇಳಿಸಿದರು.

ಮಳೆಯಲ್ಲಿ ನೀರಿನ ಆಟವನ್ನು ಹಿಡಿಯುವವನ ಮೊದಲ ಜಗಳ ಬೆಳಕಿನೊಡನೆ. ದೋಣಿಯ ಹುಟ್ಟಿನಿಂದ ಚಿಮ್ಮಿದ ಹನಿಯನ್ನು ಗಾಳಿಯಲ್ಲಿ ನಿಲ್ಲಿಸಬೇಕಾದರೆ ಸೆಕೆಂಡಿನ 1/1600ರ ಆಸುಪಾಸಿನ ಶಟರ್ ವೇಗ ಬೇಕು. ಆ ದಿನದ ಬೂದಿ ಬೆಳಕಿನಲ್ಲಿ ನನ್ನ ಝೂಮ್ ಲೆನ್ಸಿನ ಎಫ್ 5.6 ಅಪರ್ಚರಿಗೆ, ಎಂದರೆ ಬೆಳಕು ಒಳಬರುವ ಕಿಂಡಿಯ ಅಳತೆಗೆ, ಅದು ದಕ್ಕಬೇಕೆಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯನ್ನು ಹೇಳುವ ಐಎಸ್‌ಒ 3200ಕ್ಕಿಂತ ಕೆಳಗಿಳಿಯುವಂತಿರಲಿಲ್ಲ. ಚಿತ್ರದಲ್ಲಿ ಸ್ವಲ್ಪ ಕಾಳು ಕಾಣಿಸಿಕೊಂಡರೂ ಚಿಂತೆಯಿಲ್ಲ, ಕದಲಿದ ಮುಖವನ್ನು ಮಾತ್ರ ಆಮೇಲೆ ಯಾವ ತಂತ್ರಾಂಶವೂ ಸರಿಮಾಡಿಕೊಡದು. ಎರಡನೆಯ ಜಗಳ ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮೀಟರಿನೊಡನೆ. ಮೋಡದ ಬೆಳಕನ್ನೆಲ್ಲ ಹೊತ್ತು ಹೊಳೆಯುವ ನೀರು ಚೌಕಟ್ಟನ್ನು ತುಂಬಿದಾಗ ಕ್ಯಾಮೆರಾ ಇಡೀ ದೃಶ್ಯವನ್ನು ಮಂಕು ಮಾಡಿ, ಕಯಾಕಿನಲ್ಲಿ ಕುಳಿತವನನ್ನು ಕಪ್ಪು ನೆರಳಾಗಿಸಿಬಿಡುತ್ತದೆ. ಮುಖದ ಬೆಳಕನ್ನು ನೋಡಿಕೊಂಡು ಮ್ಯಾನುಅಲ್‌ನಲ್ಲಿ ಒಮ್ಮೆ ಹೊಂದಿಸಿ, ಮೋಡದ ದಪ್ಪ ಬದಲಾಗುವವರೆಗೂ ಅದನ್ನು ಮುಟ್ಟದಿರುವುದು ನನಗೆ ಒಗ್ಗಿದ ಕ್ರಮ.

ಇವೆರಡಕ್ಕಿಂತ ಹೆಚ್ಚು ಕಾಡುವುದು ಲೆನ್ಸಿನ ಮುಖದ ಮೇಲೆ ಕೂರುವ ಒಂದೇ ಒಂದು ಹನಿ. ಅಂಗಡಿಯ ಮೈಕ್ರೋಫೈಬರ್ ಬಟ್ಟೆ ಒಮ್ಮೆ ನೆನೆದರೆ ನೀರನ್ನು ಹರಡುತ್ತದೆಯೇ ಹೊರತು ಹೀರುವುದಿಲ್ಲ. ನೂರಾರು ಸಲ ಒಗೆದು ಸವೆದ ಹತ್ತಿ ಪಂಚೆಯ ತುಂಡುಗಳನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಣಗಿಸಿಟ್ಟುಕೊಂಡು, ಒಂದು ಒದ್ದೆಯಾದೊಡನೆ ಇನ್ನೊಂದನ್ನು ತೆಗೆಯುವುದು ವಾಸಿ. ಉದ್ದನೆಯ ಹುಡ್ ಹಾಕಿ, ಕ್ಲಿಕ್ಕಿಸದಿರುವಾಗ ಲೆನ್ಸನ್ನು ನೆಲದ ಕಡೆಗೆ ಬಾಗಿಸಿಟ್ಟರೆ ಅರ್ಧ ಹನಿ ಅಲ್ಲಿಗೇ ಕಡಿಮೆ. ನೀರಿನ ಪ್ರತಿಫಲನವನ್ನು ತಗ್ಗಿಸುವ ಪೋಲರೈಸರ್ ಫಿಲ್ಟರನ್ನು ಇಂಥ ದಿನ ಚೀಲದಿಂದ ಹೊರಗೇ ತೆಗೆಯಬಾರದು. ಮೊದಲೇ ಸಾಲದ ಬೆಳಕಿನಲ್ಲಿ ಅದು ಇನ್ನೂ ಒಂದೆರಡು ಸ್ಟಾಪ್ ನುಂಗುತ್ತದೆ; ಒಂದು ಸ್ಟಾಪ್ ಹೋಯಿತೆಂದರೆ ಬೆಳಕು ಅರ್ಧಕ್ಕಿಳಿದಂತೆ.

ಮಧ್ಯಾಹ್ನ ಮಳೆ ಜೋರಾದಾಗ ಎಲ್ಲರೂ ಅಣೆಕಟ್ಟೆಯ ಬಳಿಯ ಮೀನಿನ ಅಂಗಡಿಯೊಂದರ ತಗಡಿನ ಕೆಳಗೆ ಸೇರಿದೆವು. ಮಾರ್ಕೋನಹಳ್ಳಿಗೆ ಬರುವ ಅರ್ಧ ಜನ ಬರುವುದೇ ಈ ಮೀನಿಗಾಗಿ. ಕಣ್ಣೆದುರಿಗೇ ಮೈಗೆ ಗೀರು ಹಾಕಿ, ಖಾರ ಮೆತ್ತಿ, ಅಗಲವಾದ ಬಾಣಲೆಗೆ ಬಿಟ್ಟ ಜಿಲೇಬಿ ಮೀನು ಅಂಚೆಲ್ಲ ಗರಿಗರಿಯಾಗಿ ಮೇಲೆ ಬಂತು. ಅಂಗಡಿಯ ಅಕ್ಕ ನನ್ನ ಕ್ಯಾಮೆರಾಕ್ಕೆ ಸುತ್ತಿದ್ದ ಪ್ಲಾಸ್ಟಿಕ್ಕನ್ನು ನೋಡಿ, "ಅದುಕ್ಕೆ ಜರ ಬಂದೈತಾ ಸಾರ್, ಇಷ್ಟೊಂದು ಹೊದಿಸಿದ್ದೀರಾ?" ಎಂದು ಕೇಳಿದರು. ಈರುಳ್ಳಿ ನಿಂಬೆಹಣ್ಣಿನ ತಟ್ಟೆಯನ್ನು ಇಡುತ್ತಾ, ಸೈಫನ್ ಸದ್ದು ಶುರುವಾದರೆ ರಾತ್ರಿ ಮನೆಯವರೆಗೂ ಕೇಳುತ್ತದೆ, ಆ ಸದ್ದು ಕೇಳಿದ ವರ್ಷ ಗಿರಾಕಿಗೆ ಬರವಿಲ್ಲ ಎಂದೂ ಹೇಳಿದರು.

ಅಲ್ಲಿಯೇ ಹುಡುಗರಿಗೆ ಬೆಳಗಿನ ಚಿತ್ರಗಳನ್ನು ತೋರಿಸಿದೆ. ನೀರು ಬೀಸಣಿಗೆಯಂತೆ ಬಿಚ್ಚಿ ಹಾರಿದ್ದ ಒಂದು ಚಿತ್ರವನ್ನು ಕಂಡು ಗೆಳೆಯ ಸಿಳ್ಳೆ ಹಾಕಿದ. ಆದರೆ ಅದರಲ್ಲಿದ್ದ ಹುಡುಗನೇ ಮುಖ ಹುಳ್ಳಗೆ ಮಾಡಿಕೊಂಡು, "ಇದನ್ನ ಹಾಕ್ಬೇಡಿ ಅಣ್ಣ, ಪ್ಯಾಡಲ್ ತಪ್ಪು ಬಿದ್ದಿರೋದು ಕಾಣುತ್ತೆ" ಎಂದ. ಅವನ ವಿವರಣೆ ಕೇಳುವಂತಿತ್ತು. ಹುಟ್ಟಿನ ಅಲಗು ಪಾದದ ಬಳಿ, ಕಯಾಕಿನ ಪಕ್ಕಕ್ಕೇ ನೀರಿನೊಳಗೆ ಪೂರ್ತಿಯಾಗಿ ಇಳಿದ ಮೇಲೆಯೇ ಎಳೆತ ಶುರುವಾಗಬೇಕು. ಎಳೆಯುವುದು ತೋಳಲ್ಲ, ಸೊಂಟದಿಂದ ಮೇಲಿನ ಇಡೀ ಮೈ ತಿರುಗಬೇಕು. ಹಾಗೆ ಹಾಕಿದಾಗ ನೀರು ಹೆಚ್ಚು ಚಿಮ್ಮುವುದಿಲ್ಲ. ಚಿಮ್ಮಿತೆಂದರೆ ಅಲಗು ಅರ್ಧ ಮುಳುಗಿರುವಾಗಲೇ ಎಳೆದ ಹಾಗೆ, ಆ ಬಲ ದೋಣಿಗೆ ಸಿಗದೆ ಗಾಳಿಗೆ ಹೋದ ಹಾಗೆ. ಜಲಕ್ರೀಡೆಯ ಛಾಯಾಗ್ರಾಹಕರು ಯಾವುದಕ್ಕಾಗಿ ಗಂಟೆಗಟ್ಟಲೆ ಕಾಯುತ್ತೇವೆಯೋ ಅದು ಆಡುವವರ ಕಣ್ಣಿಗೆ ಎಡವಟ್ಟು ಎಂಬ ಈ ಸಂಗತಿ ಮುಂದಿನ ಊರುಗಳಲ್ಲೂ ನನ್ನ ಬೆನ್ನು ಬಿಡಲಿಲ್ಲ.

ಶನಿವಾರ, ಬೋರನಕಣಿವೆ

ಮಾಯಸಂದ್ರ, ತುರುವೇಕೆರೆ, ಕಿಬ್ಬನಹಳ್ಳಿ ಕ್ರಾಸ್, ಚಿಕ್ಕನಾಯಕನಹಳ್ಳಿ ಮಾರ್ಗವಾಗಿ ಹುಳಿಯಾರು ಕಡೆಗೆ ಹೊರಟೆವು. ಈ ದಾರಿ ಪೂರ್ತಿ ತೆಂಗಿನ ಸೀಮೆ. ಮನೆಗಳ ಪಕ್ಕದ ಅಟ್ಟಗಳಲ್ಲಿ ಕೊಬ್ಬರಿಗೆಂದು ಕಾಯಿ ಒಣಗುತ್ತಿತ್ತು, ಸುಲಿದ ಮಟ್ಟೆಯ ರಾಶಿಗಳು ರಸ್ತೆಯವರೆಗೂ ಚೆಲ್ಲಿದ್ದವು. ಚಿಕ್ಕನಾಯಕನಹಳ್ಳಿ ದಾಟಿದ ಮೇಲೆ ಗಾಳಿಯ ಸ್ವಭಾವವೇ ಬೇರೆಯಾಯಿತು. ತೆಂಗಿನ ಗರಿಗಳೆಲ್ಲ ಒಂದೇ ದಿಕ್ಕಿಗೆ ತಲೆ ಬಾಚಿಕೊಂಡು ನಿಂತಿದ್ದವು.

ಜಲಾಶಯದ ಅಂಚಿಗೆ ಹೋಗುವ ಮಣ್ಣುದಾರಿಯಲ್ಲಿ ಕಾರಿನ ಹಿಂದಿನ ಚಕ್ರ ಉಸ್ಸೆಂದಿತು. ಬಳ್ಳಾರಿ ಜಾಲಿಯ ಮುಳ್ಳು, ಬೆರಳುದ್ದದ್ದು, ಟೈರಿನ ಬದಿಯಲ್ಲಿ ನೆಟ್ಟಗೆ ಹೊಕ್ಕಿತ್ತು. ಕೆರೆ ಅಂಗಳಕ್ಕೆ ಕಾರು ಇಳಿಸುವವರು ಸ್ಟೆಪ್ನಿಯನ್ನು ಹಿಂದಿನ ದಿನವೇ ನೋಡಿಕೊಂಡಿರಬೇಕು, ಜಾಕಿನ ಕೆಳಗಿಡಲು ಒಂದು ಹಲಗೆಯೂ ಇರಬೇಕು. ನೆನೆದ ಮಣ್ಣಿನಲ್ಲಿ ನಮ್ಮ ಜಾಕು ಕಾರನ್ನು ಎತ್ತುವ ಬದಲು ತಾನೇ ಇಳಿಯುತ್ತಿತ್ತು. ಕುರಿ ಕಾಯುತ್ತಿದ್ದ ಅಜ್ಜ ಒಬ್ಬರು ಬದುವಿನಿಂದ ಚಪ್ಪಡಿ ಕಲ್ಲನ್ನು ಉರುಳಿಸಿಕೊಂಡು ಬಂದು ಕೊಟ್ಟ ಮೇಲೆ ಕೆಲಸ ಮುಗಿಯಿತು. ದುಡ್ಡು ಕೊಡಹೋದರೆ ತೆಗೆದುಕೊಳ್ಳಲಿಲ್ಲ. "ಕಲ್ಲನ್ನ ಇದ್ದ ಜಾಗಕ್ಕೇ ಇಕ್ಕಿ ಓಗಿ" ಎಂದಷ್ಟೇ ಹೇಳಿ ಕುರಿಗಳ ಹಿಂದೆ ನಡೆದರು. ಚಪ್ಪಡಿಯನ್ನು ವಾಪಸು ಹೊತ್ತು ಬದುವಿನಲ್ಲಿ ಕೂರಿಸಲು ನಮಗಿಬ್ಬರಿಗೆ ಜಾಕಿಗಿಂತ ಹೆಚ್ಚು ಹೊತ್ತು ಹಿಡಿಯಿತು.

ಬೋರನಕಣಿವೆ ಸುವರ್ಣಮುಖಿ ಹೊಳೆಗೆ 19ನೆಯ ಶತಮಾನದ ಕೊನೆಯಲ್ಲಿ ಕಟ್ಟಿದ ಜಲಾಶಯ. ಹೆಸರೇ ಹೇಳುವಂತೆ ಗುಡ್ಡಗಳ ನಡುವಿನ ಕಣಿವೆ. ಗಾಳಿಗೆ ಅದು ಓಣಿ ಸಿಕ್ಕಿದಂತೆ. ನಾವು ತಲುಪಿದಾಗ ನೀರಿನ ಮೇಲೆ ಅಲ್ಲಲ್ಲಿ ಬಿಳಿ ನೊರೆ ತಲೆಯೆತ್ತುತ್ತಿತ್ತು. ಗಾಳಿಯ ವೇಗ ಗಂಟೆಗೆ ಸುಮಾರು 15–20 ಕಿ.ಮೀ. ಮುಟ್ಟಿತೆಂಬುದಕ್ಕೆ ನೀರು ಕೊಡುವ ಗುರುತು ಅದು. ಹೊಸಬರು ಅಲ್ಲಿಂದ ಮುಂದಕ್ಕೆ ಕಯಾಕ್ ಇಳಿಸಬಾರದೆಂದು ಹುಡುಗರು ತಮ್ಮಲ್ಲೇ ನಿಯಮ ಮಾಡಿಕೊಂಡಿದ್ದರು. ಇಬ್ಬರನ್ನು ದಡದಲ್ಲಿ ಕೂರಿಸಿ, ಉಳಿದವರು ಲೈಫ್ ಜಾಕೆಟ್ಟಿನ ಪಟ್ಟಿಗಳನ್ನು ಒಬ್ಬರದನ್ನೊಬ್ಬರು ಎಳೆದು ಪರೀಕ್ಷಿಸಿ ನೀರಿಗಿಳಿದರು.

ಎಲ್ಲಿ ನಿಲ್ಲಬೇಕು ಎಂಬುದೇ ಇಂಥ ದಿನದ ಮುಖ್ಯ ಪ್ರಶ್ನೆ. ಗಾಳಿ ಬೀಸಿ ಬರುವ ಕಡೆಯ ದಡದಲ್ಲಿ, ಬೆನ್ನಿಗೆ ಗಾಳಿ ಕೊಟ್ಟು ನಿಂತರೆ ಲೆನ್ಸ್ ಒಣಗಿರುತ್ತದೆ. ಗಾಳಿಗೆದುರಾಗಿ ಹುಟ್ಟು ಹಾಕುತ್ತಾ ಬರುವವನ ಮುಖ ನಿಮ್ಮ ಕಡೆಗೇ ಇರುತ್ತದೆ. ಆದರೆ ಆ ದಡದಲ್ಲಿ ಅಲೆಯೇ ಇರುವುದಿಲ್ಲ. ಗಾಳಿ ನೀರಿನ ಮೇಲೆ ಎಷ್ಟು ದೂರ ಅಡೆತಡೆಯಿಲ್ಲದೆ ಓಡಿಬಂದಿದೆಯೋ ಅಲೆ ಅಷ್ಟು ಬಲಿಯುತ್ತದೆ. ಹೊರಡುವ ಕಡೆ ನೀರು ಸುಕ್ಕುಗಟ್ಟಿದ ಬಟ್ಟೆಯಷ್ಟೇ, ಮುಟ್ಟುವ ಕಡೆಯಲ್ಲಿ ಮೊಣಕಾಲೆತ್ತರದ ಅಲೆ. ಆ ಕಡೆ ನಿಂತರೆ ಅಲೆಯೇನೋ ಸಿಗುತ್ತದೆ, ಜೊತೆಗೆ ತುಂತುರೂ ನೇರವಾಗಿ ಲೆನ್ಸಿಗೆ ಬಡಿಯುತ್ತದೆ, ಗಾಳಿಗೆದುರು ಹೋಗುವವರ ಬೆನ್ನು ಮಾತ್ರ ಕಾಣುತ್ತದೆ. ಎರಡೂ ದಡಗಳಲ್ಲಿ ಓಡಾಡಿ ಸಾಕಾಗಿ ಕುಳಿತಿದ್ದಾಗ ಬಲೆ ಬಿಡಿಸುತ್ತಿದ್ದ ಮೀನುಗಾರರೊಬ್ಬರು ತಲೆಯೆತ್ತದೆಯೇ, "ಅಲ್ಲೆಲ್ಲೂ ಸಿಗಕಿಲ್ಲ ಸಾರ್. ಆ ತಿಟ್ಟಿನ ತುದೀಲಿ ನಿಂತ್ಕಳಿ, ಗಾಳಿ ಅಲ್ಲಿ ಮಗ್ಗುಲಿಗೆ ಒಡೀತದೆ" ಎಂದರು.

ನೀರಿನೊಳಕ್ಕೆ ಚಾಚಿಕೊಂಡಿದ್ದ ಕಲ್ಲುತಿಟ್ಟು ಅದು. ಅದರ ತುದಿಯಲ್ಲಿ ಗಾಳಿ ಅಡ್ಡ ಬೀಸುತ್ತಿತ್ತು, ಅಲೆ ಅಷ್ಟರಲ್ಲಾಗಲೇ ಅರ್ಧ ಜಲಾಶಯವನ್ನು ದಾಟಿ ಬಲಿತಿತ್ತು, ಕಯಾಕುಗಳು ಓರೆಯಾಗಿ ಎದುರು ಬರುತ್ತಿದ್ದವು. ಬಂಡೆಯ ಮೇಲೆ ಮೊಣಕಾಲೂರಿ, ಲೆನ್ಸನ್ನು ನೀರಿನ ಮಟ್ಟಕ್ಕೆ ಸಾಧ್ಯವಾದಷ್ಟು ತಗ್ಗಿಸಿದಾಗ ಮೊಣಕಾಲೆತ್ತರದ ಅಲೆಯೂ ಕಯಾಕಿನ ಮೂತಿಯನ್ನು ಮರೆಮಾಡುವಷ್ಟು ಎತ್ತರ ಕಂಡಿತು. ಏರಿಯ ಮೇಲಿಂದ ನಿಂತು ತೆಗೆದವರಿಗೆ ಅದೇ ಅಲೆ ಚಪ್ಪಟೆಯಾಗಿ ಕಾಣುತ್ತದೆ. ಒಳನಾಡಿನ ಜಲಾಶಯಗಳ ಚಿತ್ರಗಳು ಎಷ್ಟೋ ಸಲ ಸಪ್ಪೆಯಾಗುವುದಕ್ಕೆ ನೀರಿಗಿಂತ ಆ ಎತ್ತರವೇ ಕಾರಣ. ಆಟೋಫೋಕಸ್ಸಿಗೆ ಮಾತ್ರ ಬುದ್ಧಿ ಹೇಳಬೇಕಾಯಿತು. ಮುಖದ ಮುಂದೆ ಹುಟ್ಟು ಹಾದಾಗಲೆಲ್ಲ, ನೊರೆ ಎದ್ದಾಗಲೆಲ್ಲ ಅದು ಮುಖವನ್ನು ಬಿಟ್ಟು ಅವುಗಳ ಹಿಂದೆ ಓಡುತ್ತದೆ. ಬೆನ್ನುಹತ್ತುವ ಫೋಕಸ್ಸಿನ ಚುರುಕನ್ನು ತಗ್ಗಿಸಿ, ಅಡ್ಡ ಬಂದದ್ದನ್ನು ಒಂದು ಕ್ಷಣ ಲೆಕ್ಕಿಸದಂತೆ ಮಾಡಿದರೆ ಮುಖದಲ್ಲೇ ನಿಲ್ಲುತ್ತದೆ.

ಊಟಕ್ಕೆ ಹುಳಿಯಾರಿಗೆ ಹೋಗಿ ಮುದ್ದೆ, ಹುರುಳಿಕಾಳಿನ ಸಾರು ಉಂಡು ಬಂದ ಮೇಲೆ, ಅದೇ ಮೀನುಗಾರರು ತಮ್ಮ ತೆಪ್ಪದಲ್ಲಿ ಕೂರಿಸಿಕೊಂಡು ಹೋಗಲು ಒಪ್ಪಿದರು. ಹುಡುಗರು ಹೆಚ್ಚುವರಿಯಾಗಿ ತಂದಿದ್ದ ಲೈಫ್ ಜಾಕೆಟ್ ನನ್ನ ಮೈಮೇಲಿತ್ತು. ಕ್ಯಾಮೆರಾದ ಪಟ್ಟಿಯನ್ನು ಕುತ್ತಿಗೆಗೆ ಬಿಗಿಯದೆ ಮುಂಗೈಗೆ ಸುತ್ತಿಕೊಳ್ಳುವಂತೆ ಅವರೇ ಹೇಳಿದರು, ಮಗುಚಿದರೆ ಬಿಡಿಸಿಕೊಳ್ಳಲು ಸುಲಭವೆಂದು. ತೆಪ್ಪಕ್ಕೆ ಮುಂದು ಹಿಂದು ಇಲ್ಲ. ತಳ ದುಂಡಗಿರುವುದರಿಂದ ಹುಟ್ಟು ನಿಂತ ಗಳಿಗೆಯಲ್ಲೇ ಗರಗರ ತಿರುಗತೊಡಗುತ್ತದೆ. ಕ್ಯಾಮೆರಾದ ಕಿಟಕಿಯಲ್ಲಿ ಕಯಾಕು ಬಂತು ಎನ್ನುವಷ್ಟರಲ್ಲಿ ಗುಡ್ಡ, ಗುಡ್ಡವಾದ ಮೇಲೆ ಅಣೆಕಟ್ಟೆ, ಆಮೇಲೆ ಮೀನುಗಾರರ ಬನಿಯನ್ನು. ಅವರು ಹುಟ್ಟನ್ನು ನೀರಿನಿಂದ ಎತ್ತದೆ, ಅಲಗನ್ನು ಒಳಗೊಳಗೇ ಎಂಟರ ಅಂಕೆಯಂತೆ ತಿರುವುತ್ತಾ ತೆಪ್ಪವನ್ನು ಒಂದೇ ದಿಕ್ಕಿಗೆ ಹಿಡಿದು ನಿಲ್ಲಿಸಿದ್ದನ್ನು ಹತ್ತಿರದಿಂದ ನೋಡಿದೆ: ಮುಂಗೈ ಮಾತ್ರ ಆಡುತ್ತಿತ್ತು, ಹುಟ್ಟಿನ ಸುತ್ತ ಒಂದು ಹನಿಯೂ ಏಳಲಿಲ್ಲ, ಸದ್ದೂ ಇರಲಿಲ್ಲ. "ಸದ್ದು ಮಾಡಿದ್ರೆ ಮೀನು ಓಯ್ತವೆ" ಎಂದರು. ಹುಡುಗರ ಪಾಠವನ್ನೇ ಅವರು ಹೊಟ್ಟೆಪಾಡಿನ ಕಾರಣ ಕೊಟ್ಟು ಹೇಳಿದಂತಿತ್ತು.

ಮೂರೂವರೆಯ ಹೊತ್ತಿಗೆ ಈಶಾನ್ಯದಲ್ಲಿ ಗುಡುಗಿತು. ಅದಕ್ಕೆ ಸ್ವಲ್ಪ ಮೊದಲು ಬೀಸುತ್ತಿದ್ದ ಗಾಳಿ ಇದ್ದಕ್ಕಿದ್ದಂತೆ ನಿಂತು, ಎದುರು ದಿಕ್ಕಿನಿಂದ ತಣ್ಣನೆಯ ಹೊಡೆತವೊಂದು ಬಂದು ಕಯಾಕುಗಳಲ್ಲಿ ಒಂದನ್ನು ಮಗುಚಿತು. ಹುಡುಗ ತಲೆಯೆತ್ತಿ ಹುಟ್ಟನ್ನು ಮೇಲೆತ್ತಿ ತೋರಿಸುವವರೆಗೆ ನಾನು ಶಟರ್ ಒತ್ತಲಿಲ್ಲ. ಮೀನುಗಾರರು ಕೂಡ ತೆಪ್ಪವನ್ನು ಅವನ ಕಡೆಗೆ ತಿರುಗಿಸಿಯಾಗಿತ್ತು. ಕ್ಷೇಮದ ಗುರುತು ಕಂಡ ಮೇಲೆ, ಅವನು ಕಯಾಕನ್ನು ನೆಟ್ಟಗೆ ಮಾಡಿ, ಹೊಟ್ಟೆಯ ಮೇಲೆ ಅಡ್ಡ ಮಲಗಿ, ಹೊರಳಿ ಒಳಗೆ ಕೂರುವವರೆಗಿನ ಎಲ್ಲವನ್ನೂ ತೆಗೆದೆ. ಮಿಂಚು ಕಂಡ ಮೇಲೆ ನೀರಿನಲ್ಲಿರುವಂತಿಲ್ಲ, ಕೊನೆಯ ಗುಡುಗಿನಿಂದ ಅರ್ಧ ಗಂಟೆ ಕಳೆಯುವವರೆಗೆ ಮತ್ತೆ ಇಳಿಯುವಂತೆಯೂ ಇಲ್ಲ. ಆ ಸಂಜೆ ಗುಡುಗು ನಿಲ್ಲಲೇ ಇಲ್ಲ. ಹುಡುಗರು ಕಯಾಕುಗಳನ್ನು ಕಟ್ಟಿಕೊಂಡು ತುಮಕೂರಿಗೆ ಹೋದರು, ನಾವು ಶಿರಾ ಹಾದು ಮಧುಗಿರಿಗೆ.

ಭಾನುವಾರ, ಮಧುಗಿರಿಯ ಹೊರವಲಯ

ಲಾಡ್ಜಿನಲ್ಲಿ ರಾತ್ರಿ ಕರೆಂಟು ಹೋಗಿ ಬಂದು ಮಾಡಿದ್ದರಿಂದ ಬ್ಯಾಟರಿಗಳು ಅರೆಬರೆ ತುಂಬಿದ್ದವು. ಬೆಳಿಗ್ಗೆ ಏಕಶಿಲಾ ಬೆಟ್ಟದ ತಲೆ ಮೋಡದಲ್ಲಿತ್ತು. ಹನ್ನೊಂದರ ಹೊತ್ತಿಗೆ ಮೋಡ ಹರಿದು, ಮಳೆ ತೊಳೆದ ಮೇಲೆ ಮಾತ್ರ ಸಿಗುವ ಚುರುಚುರು ಬಿಸಿಲು ಬಿತ್ತು. ರಸ್ತೆಬದಿಯಲ್ಲಿ ಆಗತಾನೇ ಕಿತ್ತ ಕಡಲೆಕಾಯಿಯನ್ನು ಉಪ್ಪು ಹಾಕಿ ಬೇಯಿಸಿ ಮಾರುತ್ತಿದ್ದ ಹುಡುಗಿಯನ್ನು, ಇಲ್ಲಿ ಈಜುವ ಬಾವಿ ಇದೆಯೇ ಎಂದು ಗೆಳೆಯ ಕೇಳಿದ. ಅವಳು ಕೈತೋರಿಸುವ ಮೊದಲೇ ಅಡಕೆ ತೋಟದ ಆಚೆಯಿಂದ ಧುಡುಮ್ಮೆಂಬ ಸದ್ದು, ಹಿಂದೆಯೇ ಕೇಕೆ ಕೇಳಿಸಿತು.

ಕಲ್ಲುಕಟ್ಟಡದ ಹಳೆಯ ತೆರೆದ ಬಾವಿ. ಕೊಳವೆ ಬಾವಿಗಳು ಬಂದ ಮೇಲೆ ಈ ಸೀಮೆಯ ಇಂಥ ಬಾವಿಗಳು ವರ್ಷಗಟ್ಟಲೆ ಒಣಗಿ ಕಸ ತುಂಬಿಕೊಂಡಿದ್ದವು. ಆ ವರ್ಷದ ಮಳೆಗೆ ನೀರು ಮತ್ತೆ ಮೇಲೆ ಬಂದಿತ್ತು. ಕಟ್ಟೆಯಿಂದ ನೀರಿಗೆ ಸುಮಾರು ಇಪ್ಪತ್ತು ಅಡಿ. ಚಿಕ್ಕವರು ಸೊಂಟಕ್ಕೆ ಖಾಲಿ ಕ್ಯಾನು ಕಟ್ಟಿಕೊಂಡು ಮೆಟ್ಟಿಲ ಬಳಿ ಕೈಕಾಲು ಬಡಿಯುತ್ತಿದ್ದರು. ಸೋರೆ ಬುರುಡೆ ಕಟ್ಟಿಕೊಂಡು ಕಲಿತ ತಲೆಮಾರಿನ ಯಜಮಾನರೊಬ್ಬರು, ತೋಟದ ಒಡೆಯರು, ಮೇಲೆ ಕುಳಿತು ಕಾವಲಿದ್ದರು. ದೊಡ್ಡ ಹುಡುಗರು ಕಟ್ಟೆಯ ಮೇಲಿಂದ ಓಡಿಬಂದು ಹಾರುತ್ತಿದ್ದರು. ಯಜಮಾನರ ಒಪ್ಪಿಗೆ ಪಡೆದು, ಮಕ್ಕಳ ಮುಖ ಎಲ್ಲೂ ಹಾಕುವುದಿಲ್ಲವೆಂದು ಮಾತುಕೊಟ್ಟು ಕ್ಯಾಮೆರಾ ತೆಗೆದೆ. ಎಸಿ ಹಾಕಿದ ಕಾರಿನಿಂದ ನೇರವಾಗಿ ಬಾವಿಯ ಬೆಚ್ಚನೆಯ ತೇವಕ್ಕೆ ಬಂದಿದ್ದರಿಂದ ಲೆನ್ಸಿನ ಮೇಲೆ ಹಾಲಿನಂಥ ಮಂಜು ಕಟ್ಟಿತು. ಅದನ್ನು ಒರೆಸಿದಷ್ಟೂ ಮತ್ತೆ ಕಟ್ಟುತ್ತದೆ. ಚೀಲದ ಬಾಯಿ ಮುಚ್ಚಿ ಬಿಸಿಲಿನಲ್ಲಿಟ್ಟು, ಗಾಜು ಹೊರಗಿನ ಬಿಸಿಗೆ ಹೊಂದಿಕೊಳ್ಳುವವರೆಗೆ ಕಡಲೆಕಾಯಿ ಸುಲಿಯುತ್ತಾ ಕೂರುವುದೇ ಉಪಾಯ.

ಬಾವಿಯ ಬೆಳಕು ಜಲಾಶಯದ್ದಕ್ಕಿಂತ ಕಷ್ಟದ್ದು. ನಡುಹಗಲಿನ ಒಂದೆರಡು ಗಂಟೆ ಮಾತ್ರ ಬಿಸಿಲು ನೀರನ್ನು ಮುಟ್ಟುತ್ತದೆ. ಆಗಲೂ ಅರ್ಧ ಗೋಡೆ ಕತ್ತಲೆ, ಅರ್ಧ ಗೋಡೆ ಕಣ್ಣು ಕೋರೈಸುವ ಬಿಳುಪು. ಬಿಸಿಲು ಬಿದ್ದ ಮೈಯ ಬೆಳಕನ್ನು ಹಿಡಿದು, ಕತ್ತಲೆಯನ್ನು ಕತ್ತಲೆಯಾಗಿಯೇ ಬಿಟ್ಟೆ. ಇಪ್ಪತ್ತು ಅಡಿಯಿಂದ ಬೀಳುವ ದೇಹ ನೀರು ಮುಟ್ಟಲು ಒಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಹೊತ್ತು ಸಾಕು, ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 39 ಕಿ.ಮೀ. ಸೆಕೆಂಡಿನ 1/1000ರಲ್ಲೂ ಅದು ಒಂದು ಸೆಂಟಿಮೀಟರಿನಷ್ಟು ಕೆಳಗೆ ಸರಿದಿರುತ್ತದೆ. ಆದರೆ ಹಾರಿದವನು ಮೇಲೇರಿ, ಇನ್ನೇನು ಬೀಳಬೇಕೆನ್ನುವ ತುದಿಯಲ್ಲಿ ಒಂದು ಗಳಿಗೆ ಮೈ ನಿಂತೇ ಇರುತ್ತದೆ. ಅಲ್ಲಿ 1/500 ಕೂಡ ಧಾರಾಳ, ಮುಖದ ಮೇಲಿನ ಭಯವೋ ಗರ್ವವೋ ಪೂರ್ತಿ ಸಿಗುತ್ತದೆ.

ಮಂಡಿ ಮಡಚಿ ಬಾಂಬಿನಂತೆ ಬಿದ್ದು ಕಟ್ಟೆಯವರೆಗೂ ನೀರೆಬ್ಬಿಸಿದವನಿಗೆ ಹುಡುಗರ ಚಪ್ಪಾಳೆ ಬಿತ್ತು. ಅದಾದ ಮೇಲೆ ಎಲೆಯಡಿಕೆ ಬಾಯಿಗೆ ಹಾಕಿಕೊಂಡಿದ್ದ ಯಜಮಾನರು ಎದ್ದು, ಪಂಚೆಯನ್ನು ಕಚ್ಚೆ ಹಾಕಿ, ಎಲೆಯ ರಸ ಉಗಿದು, ಕಟ್ಟೆಯಿಂದ ಕೈ ಮುಂದೆ ಚಾಚಿ ತಲೆಕೆಳಗಾಗಿ ಹೋದರು. ಬಳೆಯಷ್ಟು ಗಾತ್ರದ ಉಂಗುರವೊಂದು ನೀರಿನ ಮೇಲೆ ಎದ್ದಿತು, ಅಷ್ಟೇ. ಹುಡುಗರು ಚಪ್ಪಾಳೆ ತಟ್ಟುವುದನ್ನು ಮರೆತು ಅವರು ಎಲ್ಲಿ ಏಳುತ್ತಾರೆಂದು ನೋಡುತ್ತಿದ್ದರು. ಮೆಟ್ಟಿಲು ಹತ್ತಿ ಬಂದ ಮೇಲೆ ನನ್ನನ್ನು, "ಬಿತ್ತಾ ಫೋಟೋದಾಗೆ?" ಎಂದು ಕೇಳಿದರು. ಬಿದ್ದಿತ್ತು: ಗಾಳಿಯಲ್ಲಿ ಕೈಯಿಂದ ಕಾಲ್ಬೆರಳಿನವರೆಗೆ ನೇರವಾದ ಒಂದು ಗೆರೆ, ಕೆಳಗೆ ಕದಡದ ನೀರು.

ಸೋಮವಾರ, ತೀತಾ

ಕೊರಟಗೆರೆ ತಾಲ್ಲೂಕಿನ ತೀತಾ ಜಲಾಶಯ ಜಯಮಂಗಲಿಗೆ ಕಟ್ಟಿದ್ದು; ಗೊರವನಹಳ್ಳಿಯ ಮಹಾಲಕ್ಷ್ಮಿಗೆ ಹೋಗುವ ಭಕ್ತರು ಹಾಗೆಯೇ ಇದನ್ನೂ ನೋಡಿಕೊಂಡು ಬರುತ್ತಾರೆ. ನಾವು ಮುಟ್ಟಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ನೀರಿನ ಮೇಲೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಕೋಡಿಯಲ್ಲಿ ನೀರು ಬೀಳುವ ಸದ್ದಿನಿಂದಲೇ ಅದು ಯಾವ ಕಡೆಗಿದೆ ಎಂದು ತಿಳಿಯಬೇಕಿತ್ತು. ಮಂಜಿನಲ್ಲಿ ಆಟೋಫೋಕಸ್ ಕೈಕೊಡುತ್ತದೆ, ಹಿಡಿಯಲು ಅದಕ್ಕೆ ಅಂಚು ಸಿಗುವುದಿಲ್ಲ. ದಡದಿಂದ ತೆಪ್ಪಗಳು ಹಾದುಹೋಗುವ ದೂರವನ್ನು ಅಂದಾಜು ಮಾಡಿ, ನೀರಿನಿಂದ ಮೇಲೆದ್ದಿದ್ದ ಒಣ ಜಾಲಿಯ ಮೋಟಿಗೆ ಕೈಯಿಂದಲೇ ಫೋಕಸ್ ಮಾಡಿಟ್ಟುಕೊಂಡೆ. ಬಿಳಿ ಮಂಜು ಬೂದಿಯಾಗದಿರಲೆಂದು ಬೆಳಕನ್ನು ಒಂದು ಸ್ಟಾಪ್ ಏರಿಸಿದೆ.

ಬಲೆ ಎತ್ತಿ ಬರುತ್ತಿದ್ದ ಎರಡು ತೆಪ್ಪಗಳ ಅಣ್ಣತಮ್ಮಂದಿರು ದಡದಲ್ಲಿ ಕ್ಯಾಮೆರಾ ಕಂಡದ್ದೇ ಪಂದ್ಯಕ್ಕೆ ಬಿದ್ದರು. ದುಂಡನೆಯ ತೆಪ್ಪಗಳ ಓಟ ನೋಡಲು ನಗು ಬರಿಸುವಂಥದ್ದು: ವೇಗ ಹೆಚ್ಚಿದಷ್ಟೂ ತೆಪ್ಪ ಎಡಕ್ಕೂ ಬಲಕ್ಕೂ ಹೊಯ್ದಾಡುತ್ತದೆ, ಒಬ್ಬರ ಹುಟ್ಟು ಇನ್ನೊಬ್ಬರ ತೆಪ್ಪಕ್ಕೆ ತಾಗುತ್ತದೆ, ಬೈಗುಳವೂ ನಗುವೂ ಒಟ್ಟಿಗೇ ಕೇಳಿಸುತ್ತವೆ. ಇಲ್ಲಿ ಶಟರನ್ನು 1/15ಕ್ಕೆ ಇಳಿಸಿ, ಅವರ ಜೊತೆಜೊತೆಗೇ ಸೊಂಟದಿಂದ ಮೈ ತಿರುಗಿಸುತ್ತಾ ಒತ್ತಿದೆ. ದಡದ ಜೊಂಡು ಗೆರೆಗೆರೆಯಾಗಿ ಎಳೆದುಕೊಂಡು, ಮುಂದಿದ್ದ ತಮ್ಮನ ತಲೆಯ ಟವಲು ಮಾತ್ರ ಸ್ಪಷ್ಟವಾಗಿ ನಿಂತ ಚಿತ್ರ ಹತ್ತರಲ್ಲಿ ಒಂದು ಸಿಕ್ಕರೆ ಪುಣ್ಯ. ಗೆದ್ದವನು ಯಾರೆಂಬುದು ಇತ್ಯರ್ಥವಾಗಲಿಲ್ಲ. ಇಬ್ಬರೂ ನನ್ನ ಕ್ಯಾಮೆರಾ ನೋಡಿ ತಾನೇ ಮುಂದೆ ಎಂದು ಸಾಧಿಸಿದರು. ಬಿಸಿಲೇರಿದ ಮೇಲೆ ಕೊರಟಗೆರೆಯಲ್ಲಿ ಪೂರಿ ತಿಂದು, ಮಧ್ಯಾಹ್ನದೊಳಗೆ ತುಮಕೂರು ಸೇರಿದೆವು. ರೇನ್ ಕವರಿನ ಹೊಲಿಗೆ ಬೋರನಕಣಿವೆಯ ಗಾಳಿಗೆ ಬಿಟ್ಟಿತ್ತು. ಕ್ಯಾಮೆರಾದ ಮುಚ್ಚಳಗಳನ್ನೆಲ್ಲ ತೆರೆದು, ಬ್ಯಾಟರಿ ಕಾರ್ಡುಗಳನ್ನು ಹೊರತೆಗೆದು, ಸಿಲಿಕಾ ಜೆಲ್ ತುಂಬಿದ ಡಬ್ಬಿಯಲ್ಲಿ ಇಟ್ಟ ಮೇಲೆಯೇ ನಾನು ಸ್ನಾನಕ್ಕೆ ಹೋದದ್ದು. ಲೆನ್ಸಿನೊಳಗೆ ಬೂಸು ಹಿಡಿಯಲು ಮಳೆಗಾಲದ ಒಂದು ಒದ್ದೆ ಚೀಲ ಸಾಕು.

ವಾರದ ಕೊನೆಗೆ ಹುಡುಗರು ಮನೆಗೆ ಬಂದು ಲ್ಯಾಪ್‌ಟಾಪಿನ ಮುಂದೆ ಕುಳಿತರು. ನೊರೆ ಬಿಚ್ಚಿದ ಚಿತ್ರಗಳನ್ನು ಒಂದೊಂದೇ ದಾಟಿಸಿ, ಅವರು ನಿಂತದ್ದು ಬೋರನಕಣಿವೆಯ ತಿಟ್ಟಿನಿಂದ ತೆಗೆದ ಒಂದರ ಮೇಲೆ. ಅದರಲ್ಲಿ ಅಲೆಯ ಹಿಂದಿನಿಂದ ಕಯಾಕು ಅರ್ಧ ಮಾತ್ರ ಕಾಣುತ್ತದೆ, ಹುಟ್ಟಿನ ಅಲಗು ಪೂರ್ತಿ ನೀರೊಳಗಿದೆ, ಮೇಲಿನ ಕೈ ಕಣ್ಣಿನ ಮಟ್ಟಕ್ಕಿದೆ, ಬೆನ್ನು ತಿರುಗಿದೆ, ಹಾರಿದ ಹನಿಗಳೆಲ್ಲ ಗಾಳಿ ಎಬ್ಬಿಸಿದವು. ಗೆಳೆಯ ಇದು ಪೋಸ್ಟರಿಗೆ ಮಂಕಾಯಿತೆಂದು ವಾದಿಸಿದ. ಒಬ್ಬ ಹುಡುಗ ಎದ್ದು ನಿಂತು, ಕಸಪೊರಕೆಯನ್ನೇ ಹುಟ್ಟಿನಂತೆ ಹಿಡಿದು, ಸೊಂಟ ಎಲ್ಲಿಂದ ತಿರುಗಬೇಕೆಂದು ತೋರಿಸತೊಡಗಿದ. ಇನ್ನೊಬ್ಬ, ಮೊಣಕೈ ಇನ್ನೂ ಎರಡು ಬೆರಳು ಮೇಲಿರಬೇಕಿತ್ತೆಂದು ತಕರಾರು ತೆಗೆದ. ಪೋಸ್ಟರಿಗೆ ಅದೇ ಚಿತ್ರ ಹೋಯಿತು, ಮೊಣಕೈಯ ತಕರಾರು ಇನ್ನೂ ತೀರಿಲ್ಲ.